ಹಾಸನಾಂಬಾ ಉತ್ಸವಕ್ಕೆ ಮುನ್ನ ಅಧಿಕಾರಿಗಳಿಗೇ ಒಂದು ಅಣಕು ಕಾರ್ಯಾಚರಣೆ ಬೇಕು

ಮಾನ್ಯ ಸಂಪಾದಕರೇ,

ಹಾಸನಾಂಬಾ ದರ್ಶನೋತ್ಸವದ ಪೂರ್ವಸಿದ್ಧತಾ ಸಭೆಗಳ ವರದಿಗಳನ್ನು ಪ್ರತಿವರ್ಷ ಓದುತ್ತೇವೆ. ಸರತಿ ಸಾಲಿಗೆ ನೆರಳು, ಕುಡಿಯುವ ನೀರು, ಪ್ರಸಾದ, ಸಿಸಿಟಿವಿ, ದೀಪಾಲಂಕಾರ, ಗಣ್ಯರ ಪಾಸು ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ. ಪಾಸಿನ ಚರ್ಚೆಯಂತೂ ತುಸು ಹೆಚ್ಚೇ ನಡೆಯುತ್ತದೆ. ಆದರೆ ಆ ಜನಜಂಗುಳಿಯ ನಡುವೆ ಸ್ಫೋಟವೊಂದು ಸಂಭವಿಸಿದರೆ, ಅಥವಾ ಸಂಭವಿಸಿದೆಯೆಂಬ ಸುಳ್ಳು ಸುದ್ದಿ ಹಬ್ಬಿದರೂ ಸರಿಯೇ, ಮೊದಲ ಅರ್ಧ ಗಂಟೆಯಲ್ಲಿ ಆದೇಶ ಕೊಡುವವರು ಯಾರು, ಎಲ್ಲಿ ಕುಳಿತು ಕೊಡುತ್ತಾರೆ ಎಂಬ ಪ್ರಶ್ನೆಗೆ ಆ ವರದಿಗಳಲ್ಲಿ ಉತ್ತರ ಸಿಗುವುದಿಲ್ಲ.

ಇದು ವೃಥಾ ಭೀತಿಯಲ್ಲ. 2022ರ ನವೆಂಬರ್ 19ರಂದು ಮಂಗಳೂರಿನ ಆಟೊವೊಂದರಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಮರುತಿಂಗಳೇ ನಮ್ಮ ನಗರದ ಕೊರಿಯರ್ ಅಂಗಡಿಯಲ್ಲಿ ಮಿಕ್ಸರ್ ಸ್ಫೋಟಗೊಂಡಾಗ ಇಡೀ ಊರು ಅದನ್ನೂ ಇದಕ್ಕೇ ತಳುಕು ಹಾಕಿತು. ಅದರ ಹಿಂದೆ ಉಗ್ರರ ಕೈವಾಡವಿಲ್ಲ, ವೈಯಕ್ತಿಕ ದ್ವೇಷವಿದೆ ಎಂದು ಪೊಲೀಸರು ತಿಳಿಸಿದ್ದು ಆಮೇಲೆ. 2023ರ ನವೆಂಬರ್ 10ರಂದು ಹಾಸನಾಂಬೆಯ ಸಾಲಿನಲ್ಲಿ ವಿದ್ಯುತ್ ತಗುಲಿ ಜನ ದಿಕ್ಕಾಪಾಲಾಗಿ ಓಡಿ ಹಲವರು ಆಸ್ಪತ್ರೆ ಸೇರಿದರು. ಓಡುತ್ತಿರುವವರಿಗೆ ಕಾರಣ ತಂತಿಯೋ ಬಾಂಬೋ ತಿಳಿದಿರುವುದಿಲ್ಲ, ನಿಯಂತ್ರಣ ಕೊಠಡಿಯಲ್ಲಿರುವವರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಕಾರಣ ಖಚಿತವಾಗುವ ತನಕ ಕಾಯದೆ ನಡೆಯಬೇಕಾದ ಕೆಲಸಗಳು ಯಾವುವು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡಿರಬೇಕಾಗುತ್ತದೆ.

ಈ ವಿಷಯದಲ್ಲಿ ನ್ಯೂಯಾರ್ಕ್ ನಗರದ ಅನುಭವವನ್ನು ನಮ್ಮ ಆಡಳಿತಗಾರರು ಗಮನಿಸಬೇಕು. 1993ರಲ್ಲಿ ಅಲ್ಲಿನ ವಿಶ್ವ ವಾಣಿಜ್ಯ ಕೇಂದ್ರದ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದು ಆರು ಮಂದಿ ಸತ್ತರು. ಆ ಬಳಿಕ ನಗರಾಡಳಿತ ತುರ್ತು ನಿರ್ವಹಣೆಗೆಂದೇ ಕಚೇರಿ ತೆರೆದು, ದೊಡ್ಡ ಮೊತ್ತ ವ್ಯಯಿಸಿ ಸುಸಜ್ಜಿತ ನಿಯಂತ್ರಣ ಕೇಂದ್ರ ಕಟ್ಟಿತು. ಆದರೆ ಅದನ್ನು ಕಟ್ಟಿದ್ದು ಒಮ್ಮೆ ದಾಳಿಗೆ ತುತ್ತಾಗಿದ್ದ ಅದೇ ಸಮುಚ್ಚಯದ ಏಳನೆಯ ಕಟ್ಟಡದ 23ನೇ ಮಹಡಿಯಲ್ಲಿ. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ, ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲೇ ಆ ಕೇಂದ್ರವನ್ನು ತೆರವು ಮಾಡಬೇಕಾಯಿತು. ಸಂಜೆ ಆ ಕಟ್ಟಡವೂ ಕುಸಿಯಿತು. 1993ರಲ್ಲೇ ಕೈಕೊಟ್ಟಿದ್ದ ಅಗ್ನಿಶಾಮಕ ದಳದ ರೇಡಿಯೊ ಸಂಪರ್ಕ ಎಂಟು ವರ್ಷಗಳ ನಂತರವೂ ಕೈಕೊಟ್ಟಿತು. ಮೇಲೆ ಹಾರಾಡುತ್ತಿದ್ದ ಪೊಲೀಸ್ ಹೆಲಿಕಾಪ್ಟರ್‌ಗಳು ಕಂಡದ್ದು ಕೆಳಗಿದ್ದ ಅಗ್ನಿಶಾಮಕ ಮುಖ್ಯಸ್ಥರಿಗೆ ತಲುಪಲಿಲ್ಲ. ಅಂದು 343 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ದೂಳಿನ ನಡುವೆ ನಡೆದು ಜನರಿಗೆ ಧೈರ್ಯ ಹೇಳಿದ ಮೇಯರ್ ಜಗತ್ತಿಗೆಲ್ಲ ನಾಯಕರಾಗಿ ಕಂಡರು. ಧೈರ್ಯ ಹೇಳುವುದೂ ನಾಯಕತ್ವವೇ, ಅದನ್ನು ಅಲ್ಲಗಳೆಯಲಾರೆ. ಆದರೆ ನಿಯಂತ್ರಣ ಕೇಂದ್ರ ಎಲ್ಲಿರಬೇಕೆಂಬ ತೀರ್ಮಾನ ದಾಳಿಗೆ ವರ್ಷಗಳ ಮೊದಲೇ ಆಗಿಹೋಗಿತ್ತು, ಅದು ಯಾವ ಕ್ಯಾಮೆರಾದ ಕಣ್ಣಿಗೂ ಬಿದ್ದಿರಲಿಲ್ಲ.

2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್‌ಗಳು ಸಿಡಿದಾಗ ಮೂವರು ಸ್ಥಳದಲ್ಲೇ ಅಸುನೀಗಿದರೂ ಆಸ್ಪತ್ರೆಗೆ ಜೀವಂತವಾಗಿ ತಲುಪಿದ ಗಾಯಾಳುಗಳೆಲ್ಲರೂ ಬದುಕುಳಿದರು. ಅಲ್ಲಿನ ಆಸ್ಪತ್ರೆಗಳೂ ಆಂಬುಲೆನ್ಸ್ ಸೇವೆಯೂ ಹಿಂದೆ ಹಲವು ಬಾರಿ ಒಟ್ಟಾಗಿ ತಾಲೀಮು ನಡೆಸಿದ್ದವು. ಗಾಯಾಳುಗಳನ್ನು ಒಂದೇ ಕಡೆ ತುಂಬದೆ ಹಲವು ಆಸ್ಪತ್ರೆಗಳಿಗೆ ಹಂಚಿದ್ದರು. ನಮ್ಮಲ್ಲಾದರೋ ಎಲ್ಲರನ್ನೂ ನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ಗೆ ಸಾಗಿಸುವುದೇ ರೂಢಿ.

ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಚುನಾಯಿತ ಅಧ್ಯಕ್ಷರು ಸಹ ಅಧ್ಯಕ್ಷರು. 2021ರಲ್ಲಿ ಅವಧಿ ಮುಗಿದ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆ ಕುರ್ಚಿ ಖಾಲಿ ಉಳಿದದ್ದು ಬೇರೆ ಮಾತು. 2025ರ ತಿದ್ದುಪಡಿಯು ಮಹಾನಗರ ಪಾಲಿಕೆಗಳಿರುವ ನಗರಗಳಿಗೆ ಆಯುಕ್ತರ ಅಧ್ಯಕ್ಷತೆಯಲ್ಲಿ ಪ್ರತ್ಯೇಕ ನಗರ ಪ್ರಾಧಿಕಾರ ರಚಿಸಲು ಅವಕಾಶ ನೀಡಿದೆ. ಹಾಸನವನ್ನು ಮಹಾನಗರ ಪಾಲಿಕೆಯಾಗಿಸಲು ಸರ್ಕಾರ ನಿರ್ಧರಿಸಿರುವುದರಿಂದ, ದೇವಾಲಯದ ಬಳಿ ಅನಾಹುತವಾದರೆ ಜಿಲ್ಲಾಧಿಕಾರಿ, ಆಯುಕ್ತರು, ಪೊಲೀಸ್ ವರಿಷ್ಠಾಧಿಕಾರಿ ಈ ಮೂವರಲ್ಲಿ ಯಾರ ಮಾತು ಅಂತಿಮವೆಂಬುದು ಲಿಖಿತವಾಗಿ ಇತ್ಯರ್ಥವಾಗಲೇಬೇಕು. ರಾಜ್ಯದ ಭಯೋತ್ಪಾದನಾ ನಿಗ್ರಹ ತಂಡವಾದ ಗರುಡ ಪಡೆ ಇರುವ ಬೆಂಗಳೂರು ಇಲ್ಲಿಂದ ಸುಮಾರು 180 ಕಿ.ಮೀ. ದೂರದಲ್ಲಿದೆ. ಅವರು ಬರುವ ತನಕದ ಹೊಣೆ ನಮ್ಮ ಠಾಣೆ, ನಮ್ಮ ಅಗ್ನಿಶಾಮಕ ದಳ, ನಮ್ಮ 108 ಸಿಬ್ಬಂದಿಯದೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಉತ್ಸವಕ್ಕೆ ತಿಂಗಳ ಮೊದಲು ಈ ಅಧಿಕಾರಿಗಳು, ಆಸ್ಪತ್ರೆಗಳ ಮುಖ್ಯಸ್ಥರು, ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್, ಸಾರಿಗೆ ಸಂಸ್ಥೆ ಮತ್ತು ದೇವಾಲಯದ ಆಡಳಿತಾಧಿಕಾರಿ ಒಂದೇ ಮೇಜಿನ ಸುತ್ತ ಕುಳಿತು, ಮುಂಚಿತವಾಗಿ ತಿಳಿಸದ ಒಂದು ಕಲ್ಪಿತ ಸನ್ನಿವೇಶವನ್ನು ಎದುರಿಸಲಿ. ಮಧ್ಯದಲ್ಲಿ ಮೊಬೈಲ್ ಜಾಲ ಸ್ತಬ್ಧವಾಯಿತೆಂದೂ, ದೇವಾಲಯದ ಪಕ್ಕದ ನಿಯಂತ್ರಣ ಕೊಠಡಿಯನ್ನು ತೆರವು ಮಾಡಬೇಕಾಯಿತೆಂದೂ, ಅದೇ ಹೊತ್ತಿಗೆ ಸಚಿವರೊಬ್ಬರ ವಾಹನ ಸಾಲು ಬರುತ್ತಿದೆಯೆಂದೂ ಸೇರಿಸಲಿ. ದೂರದಲ್ಲಿ ಎರಡನೆಯ ನಿಯಂತ್ರಣ ಕೊಠಡಿ ಬೇಕೇ, ಬೇರೆ ಜಿಲ್ಲೆಗಳಿಂದ ಬಂದೋಬಸ್ತಿಗೆ ಬಂದ ಪೊಲೀಸರಿಗೆ ನಮ್ಮ ಗಲ್ಲಿಗಳ ಪರಿಚಯವಿದೆಯೇ, ಮಾಧ್ಯಮದ ಮುಂದೆ ಮಾತಾಡುವ ಒಬ್ಬರೇ ಒಬ್ಬರು ಯಾರು ಎಂಬುದೆಲ್ಲ ಅಲ್ಲೇ ಬಯಲಾಗುತ್ತದೆ. ಯೋಜನೆಯ ವಿವರ ಗೋಪ್ಯವಾಗಿಯೇ ಇರಲಿ. ಅಂಥ ತಾಲೀಮು ನಡೆಯಿತು, ಇಂಥವರು ಹಾಜರಿದ್ದರು, ಇಂಥವರು ಗೈರುಹಾಜರಾಗಿದ್ದರು ಎಂಬುದನ್ನಷ್ಟೇ ಜಿಲ್ಲಾಡಳಿತ ಬಹಿರಂಗಪಡಿಸಲಿ, ತಮ್ಮ ಪತ್ರಿಕೆ ಪ್ರಕಟಿಸಲಿ.

ಇಂತಿ,
ನಿವೃತ್ತ ಉಪನ್ಯಾಸಕ, ಹಾಸನ