ಬೆಲ್ಲನಿಗೆ, ಎಂಟು ವರ್ಷ ತಡವಾಗಿ

ಪ್ರೀತಿಯ ಬೆಲ್ಲ,

ಹೇಗಿದ್ದೀಯೋ? ಆಲೆಮನೆಯಲ್ಲಿ ಕೆಲಸ ಜೋರಾ? ಅಪ್ಪನ ಸೊಂಟ ನೋವು ಕಡಿಮೆಯಾಯ್ತಾ? ಮೂರನೇ ಬಾಳೆಹಣ್ಣು ಯಾರು ತಿಂದದ್ದು ಅಂತ ಈಗಲಾದರೂ ಒಪ್ಪಿಕೊಳ್ಳುತ್ತೀಯಾ?

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಬೆಂಗಳೂರಿನ ನಮ್ಮ ಕ್ರೀಡಾ ಹಾಸ್ಟೆಲ್ ಬಿಟ್ಟು ಹೋದ ದಿನ ನಾನು ಮಾತಾಡಿದ್ದು ನಾಲ್ಕು ಜನರ ಎದುರಿಗೆ. ‘ಅವ್ವನ ಸೆರಗು ಬಿಡೋಕಾಗದವನು ಕಬಡ್ಡಿ ಏನ್ ಆಡ್ತಾನೆ’ ಅಂತ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ. ಎಲ್ಲರೂ ನಗುವ ಇಮೋಜಿ ಹಾಕಿದರು. ನೀನೂ ಆ ಗುಂಪಿನಲ್ಲೇ ಇದ್ದೆ. ಅದಕ್ಕೇ ಇದನ್ನೂ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ.

ಇಲ್ಲಿ ಮೆಲ್ಬರ್ನ್‌ನಲ್ಲಿ ನನ್ನ ಪಕ್ಕದ ಮನೆಗೆ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತು ವರ್ಷ. ಇಲ್ಲಿಯವರ ಫುಟ್‌ಬಾಲ್ ಆಡುತ್ತಿದ್ದ. ಅದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಹಾಗೆ, ಒಂದೊಂದು ಕಡೆ ಹದಿನೆಂಟು ಜನ, ಮೈದಾನವೋ ಕ್ರಿಕೆಟ್ಟಿನದು. ಇಲ್ಲಿ ವರ್ಷಕ್ಕೊಮ್ಮೆ ಡ್ರಾಫ್ಟ್ ಅಂತ ನಡೆಯುತ್ತದೆ. ಹದಿನೆಂಟು ವರ್ಷದ ಹುಡುಗರನ್ನು ಕ್ಲಬ್ಬಿನವರು ಸರದಿಯ ಪ್ರಕಾರ ಆರಿಸಿಕೊಳ್ಳುತ್ತಾರೆ. ಯಾವ ಕ್ಲಬ್ ಹೆಸರು ಕೂಗಿತೋ ಆ ಊರಿಗೆ ಗಂಟುಮೂಟೆ ಕಟ್ಟಬೇಕು. ಪ್ರೊ ಕಬಡ್ಡಿ ಹರಾಜಿನ ಹಾಗೇ ಅಲ್ವಾ? ಈ ಹುಡುಗನ ಊರು ಪರ್ತ್ ಕಡೆ. ದೇಶದ ಆ ತುದಿ. ವಿಮಾನದಲ್ಲಿ ಕೂತರೂ ನಾಲ್ಕು ಗಂಟೆ.

ಅವನು ಬಂದ ಹೊಸದರಲ್ಲಿ ಅವರಮ್ಮ ಜೊತೆಗೆ ಬಂದಿದ್ದರು. ಹೋಗುವಾಗ ನನ್ನ ನಂಬರ್ ಬರೆದುಕೊಂಡರು, ಪಾರ್ಸೆಲ್ ಏನಾದರೂ ಕಳಿಸಿದರೆ ತೆಗೆದಿಟ್ಟುಕೊಳ್ಳಲಿ ಅಂತ. ಕಳೆದ ತಿಂಗಳು ಒಂದು ರಾತ್ರಿ ಒಂಬತ್ತಕ್ಕೆ ಅವರ ಫೋನ್ ಬಂತು. ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ‘ಸುಮ್ನೆ ಕೇಳ್ತಿದ್ದೀನಿ, ಅವನು ಸರಿಯಾಗಿ ಊಟ ಮಾಡ್ತಿದ್ದಾನಾ?’ ಅಂದರು.

ನನ್ನ ಬಾಯಿಂದ ತಾನಾಗಿಯೇ ಬಂತು: ‘ಚೆನ್ನಾಗಿದ್ದಾನೆ, ನೀವೇನೂ ಯೋಚನೆ ಮಾಡಬೇಡಿ.’

ಫೋನ್ ಇಟ್ಟೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಕೈಯಲ್ಲಿ ಸೌಟು ಹಿಡಿದು ಹಾಗೇ ನಿಂತೆ ಕಣೋ. ಆ ಹುಡುಗ ಚೆನ್ನಾಗಿಲ್ಲ ಅಂತ ನನಗೆ ಗೊತ್ತಿತ್ತು. ಅವನ ಕಸದ ಬುಟ್ಟಿಯಲ್ಲಿ ತೆರೆಯದ ಊಟದ ಡಬ್ಬಿಗಳನ್ನು ನೋಡಿದ್ದೆ. ರಾತ್ರಿ ಎರಡು ಗಂಟೆಗೆ ಮೆಟ್ಟಿಲ ಮೇಲೆ ಒಬ್ಬನೇ ಕೂತಿರುವುದನ್ನೂ ನೋಡಿದ್ದೆ. ಆದರೂ ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ, ಯಾಕೆ ಗೊತ್ತಾ? ಆ ಸುಳ್ಳನ್ನು ನಾನು ಒಂದು ವರ್ಷ ದಿನಾ ಹೇಳಿ ಪಳಗಿದ್ದೆ. ನಿಮ್ಮವ್ವನಿಗೆ.

ನಮ್ಮ ಫೋನುಗಳನ್ನೆಲ್ಲ ವಾರ್ಡನ್ ಎತ್ತಿಟ್ಟುಕೊಳ್ಳುತ್ತಿದ್ದರು. ನಾನು ಒಂದನ್ನು ಟ್ರಂಕಿನ ತಳದಲ್ಲಿ, ಬನಿಯನ್ನುಗಳ ಕೆಳಗೆ ಬಚ್ಚಿಟ್ಟಿದ್ದೆ. ಆ ನಂಬರನ್ನು ಅವ್ವನಿಗೆ ಕೊಟ್ಟವನು ನೀನೇ. ಆದರೆ ನೀನು ಮಲಗಿದ ಮೇಲೂ ಅವರು ಫೋನ್ ಮಾಡುತ್ತಿದ್ದದ್ದು ನಿನಗೆ ಗೊತ್ತಿಲ್ಲ. ‘ಹೆಂಗವ್ನೆ ಮಗಾ ಅವ್ನು? ಹೊಟ್ಟೆ ತುಂಬ ಉಣ್ತಾನಾ? ದನಿ ಯಾಕೋ ಸರಿ ಇಲ್ಲ ಕಣಪ್ಪ.’ ಆಗ ನೀನು ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಹೊದಿಕೆ ಅಲುಗುತ್ತಿತ್ತು. ಅದನ್ನು ನೋಡುತ್ತಲೇ ನಾನು ‘ಸಖತ್ತಾಗಿದ್ದಾನೆ ಅವ್ವ, ನಾಲ್ಕು ಮುದ್ದೆ ಉಣ್ತಾನೆ’ ಅನ್ನುತ್ತಿದ್ದೆ.

ನಾನು ನಿಜ ಹೇಳಿದ್ದರೆ ಮಾರನೇ ದಿನ ಮೊದಲ ಬಸ್ಸಿಗೇ ನಿಮ್ಮಪ್ಪ ಬಂದಿರುತ್ತಿದ್ದರು. ಮದ್ದೂರೇನು ದೂರಾನಾ?

ಈ ದೇಶದಲ್ಲಿ ಇದಕ್ಕೊಂದು ಹೆಸರೇ ಇದೆ, ‘ಗೋ ಹೋಮ್’ ಅಂತ. ಯಾವ ಹುಡುಗನಿಗೆ ಮನೆಯ ಸೆಳೆತ ಜಾಸ್ತಿ ಇದೆ ಅಂತ ಕ್ಲಬ್ಬುಗಳು ಮೊದಲೇ ಲೆಕ್ಕ ಹಾಕುತ್ತವೆ. 2013ರಲ್ಲಿ ಬ್ರಿಸ್ಬೇನ್ ಲಯನ್ಸ್ ತಂಡದಿಂದ ಐದು ಜನ ಎಳೆಯ ಆಟಗಾರರು ಒಂದೇ ಸಲ ಹೊರಟು ಹೋದರು. ಅವರನ್ನು ಇವತ್ತಿಗೂ ‘ಗೋ ಹೋಮ್ ಫೈವ್’ ಅನ್ನುತ್ತಾರೆ. ಅವರು ಆಟ ಬಿಡಲಿಲ್ಲ, ಬೇರೆ ತಂಡ ಸೇರಿದರು, ಅದು ಬೇರೆ ವಿಷಯ. ಆದರೂ ಹೆಸರು ಅಂತ ಒಂದಿದ್ದರೆ ಅದರ ಬಗ್ಗೆ ಮಾತಾದರೂ ಆಡಬಹುದು. ನಮ್ಮ ಹಾಸ್ಟೆಲ್ಲಿನಲ್ಲಿ ಇದ್ದದ್ದು ಒಂದೇ ಮಾತು, ‘ಓಡಿ ಹೋದ’.

ಆಶ್ಲಿ ಬಾರ್ಟಿ ಗೊತ್ತಲ್ಲ, ಟೆನಿಸ್‌ನವಳು. ಅವಳು ಕ್ವೀನ್ಸ್‌ಲ್ಯಾಂಡಿನ ಇಪ್ಸ್‌ವಿಚ್ ಊರಿನ ಹುಡುಗಿ. ಹದಿನೈದಕ್ಕೇ ವಿಂಬಲ್ಡನ್ ಜೂನಿಯರ್ ಗೆದ್ದಳು. ಹದಿನೆಂಟಕ್ಕೆ, 2014ರಲ್ಲಿ, ಈ ಊರೂರು ತಿರುಗಾಟ ಸಾಕು ಅಂತ ರಾಕೆಟ್ ಕೆಳಗಿಟ್ಟು ಮನೆಗೆ ಹೋದಳು. ಮನೆಯ ಹತ್ತಿರವೇ ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದಳು! ಎರಡು ವರ್ಷ ಬಿಟ್ಟು ವಾಪಸ್ ಬಂದು ನಂಬರ್ ಒನ್ ಆದಳು. 2022ರ ಜನವರಿಯಲ್ಲಿ ಇಲ್ಲೇ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಸಿಂಗಲ್ಸ್ ಗೆದ್ದಳು. ಎರಡನೇ ಸೆಟ್‌ನಲ್ಲಿ 1-5ರಿಂದ ಹಿಂದೆ ಇದ್ದವಳು ಎದ್ದು ಬಂದದ್ದನ್ನು ಟಿವಿಯಲ್ಲಿ ನೋಡಿ ನಾನು ಒಬ್ಬನೇ ಕಿರುಚಿದ್ದೆ. 44 ವರ್ಷದಿಂದ ಈ ದೇಶದ ಯಾವ ಹುಡುಗಿಯೂ ಅದನ್ನು ಗೆದ್ದಿರಲಿಲ್ಲ. ಎರಡು ತಿಂಗಳೂ ಕಳೆದಿರಲಿಲ್ಲ, ಮಾರ್ಚ್‌ನಲ್ಲಿ ನಿವೃತ್ತಿ ಅಂದುಬಿಟ್ಟಳು. ಇಪ್ಪತ್ತೈದು ವರ್ಷ, ಆಗಲೂ ನಂಬರ್ ಒನ್. ಗಾಯ ಇಲ್ಲ, ಜಗಳ ಇಲ್ಲ.

ಆ ದಿನ ಆಫೀಸಿನಲ್ಲಿ ಎಲ್ಲರೂ ‘ಎಂಥ ಗಟ್ಟಿಗಿತ್ತಿ’ ಅಂದರು. ನಾನೂ ಅಂದೆ. ಎಂಟು ಸಾವಿರ ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ನೀನು ಕಬ್ಬಿನ ಹಾಲಿನ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುತ್ತಿದ್ದೆ. ಅವಳಿಗೆ ಗಟ್ಟಿಗಿತ್ತಿ ಅಂದ ಬಾಯಲ್ಲೇ ನಿನಗೆ ಅಂದ ಮಾತು ಆಗ ನನಗೆ ನೆನಪಾಗಲಿಲ್ಲ. ಗೆದ್ದು ಬಿಟ್ಟರೆ ಧೈರ್ಯ, ಗೆಲ್ಲುವ ಮೊದಲು ಬಿಟ್ಟರೆ ಹೇಡಿತನ. ಇದ್ಯಾವ ನ್ಯಾಯನೋ?

2017ರ ಮೇ ತಿಂಗಳು ನೆನಪಿದೆಯಾ? ಪ್ರೊ ಕಬಡ್ಡಿ ಎಂಟು ತಂಡದಿಂದ ಹನ್ನೆರಡಕ್ಕೆ ಏರಿದ ವರ್ಷ. ನಿತಿನ್ ತೋಮರ್ 93 ಲಕ್ಷಕ್ಕೆ ಹರಾಜಾದ ಅಂತ ಊಟದ ಹಾಲ್‌ನಲ್ಲಿ ಎಲ್ಲರೂ ತಟ್ಟೆ ಬಡಿದೆವು. ಒಂದು ತಂಡದ ಶಿಬಿರಕ್ಕೆ ನಿನಗೂ ಕರೆ ಬಂದಿತ್ತು. ಎಡ ಕಾರ್ನರ್‌ನಲ್ಲಿ ನಿನ್ನ ಆಂಕಲ್ ಹೋಲ್ಡ್‌ಗೆ, ಅಂದರೆ ಆ ಕಾಲಿನ ಹಿಡಿತಕ್ಕೆ, ಸಿಕ್ಕವನು ಗೆರೆ ಮುಟ್ಟಿದ್ದನ್ನು ನಾನು ಕಂಡಿದ್ದೇ ಕಡಿಮೆ. ಅದೇ ವಾರ ನೀನು ಟ್ರಂಕ್ ಕಟ್ಟಿದೆ. ಕೋಚ್ ನಿನ್ನನ್ನು ಕೇಳಿದರು, ‘ಮನೇಲಿ ಯಾರಿಗಾದರೂ ಹುಷಾರಿಲ್ವಾ?’ ಇಲ್ಲ ಅಂದೆ. ‘ಸಾಲ ಏನಾದರೂ?’ ಇಲ್ಲ ಅಂದೆ. ‘ಮತ್ತೇನೋ?’

‘ಮನೇಲಿರ್ಬೇಕು ಅನ್ಸುತ್ತೆ ಸಾರ್’ ಅಂದೆ ನೀನು.

ಅಷ್ಟೇ. ಯಾರ ಕಾಯಿಲೆಯ ನೆಪವನ್ನೂ ಹೇಳಲಿಲ್ಲ. ಹೇಳಿದ್ದರೆ ಎಲ್ಲರೂ ಪಾಪ ಅಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ನೀನು ನಿಜ ಹೇಳಿದೆ, ಅದಕ್ಕೇ ಬೈಸಿಕೊಂಡೆ. ಆ ರಾತ್ರಿಯೆಲ್ಲ ನಾನು ನಿನ್ನನ್ನು ತಡೆಯಲು ನೋಡಿದೆ. ನಿನ್ನ ಭವಿಷ್ಯ, ದುಡ್ಡು, ಹೆಸರು ಅಂತೆಲ್ಲ ಹೇಳಿದೆ. ಅದು ಯಾವುದೂ ನಿನಗಾಗಿ ಆಗಿರಲಿಲ್ಲ ಕಣೋ.

ಇಲ್ಲಿಯವರೆಗೆ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದುಬಿಡುತ್ತೇನೆ.

ಅವ್ವ ನಿನ್ನ ವಿಚಾರ ಕೇಳಿ ಮುಗಿಸಿದ ಮೇಲೆ ಫೋನ್ ಇಡುತ್ತಿರಲಿಲ್ಲ. ‘ನೀನು ಉಂಡ್ಯಾ ಮಗಾ?’ ಅನ್ನುತ್ತಿದ್ದರು. ದಿನಾ. ನಮ್ಮ ಮನೆಯಿಂದ ಫೋನ್ ಬಂದರೆ ‘ಸೆಲೆಕ್ಷನ್ ಆಯ್ತಾ, ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತಾ’ ಅಂತಲೇ ಇರುತ್ತಿತ್ತು. ಅವರದೂ ತಪ್ಪಲ್ಲ, ಮನೆ ಹಾಗಿತ್ತು. ಆದರೆ ನಾನು ಉಂಡೆನಾ ಅಂತ ಕೇಳುತ್ತಿದ್ದವರು ನಿಮ್ಮವ್ವ ಒಬ್ಬರೇ. ನೀನು ಹೊರಟು ಹೋದರೆ ಆ ಫೋನ್ ನಿಂತುಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಒಂದು ವರ್ಷ ನೀನು ಸುಖವಾಗಿದ್ದೀಯ ಅಂತ ಹೇಳುತ್ತಾ ನಿನ್ನನ್ನು ಆ ಮಂಚದಲ್ಲೇ ಇರಿಸಿಕೊಂಡೆ. ಆಂಕಲ್ ಹೋಲ್ಡ್ ನಿನ್ನದು ಅಂತ ಎಲ್ಲರೂ ಹೊಗಳುತ್ತಿದ್ದರು. ಆ ವರ್ಷ ಕಾಲು ಹಿಡಿದು ಬಿಡದೇ ಇದ್ದವನು ನಾನು.

ನೀನು ಹೋದ ಮೇಲೆ ಫೋನ್ ನಿಂತೇಹೋಯಿತು. ಆ ಸಿಟ್ಟಿಗೇ ಗುಂಪಿನಲ್ಲಿ ಹಾಗೆ ಬರೆದದ್ದು.

ಮುಂದಿನ ವರ್ಷ ನನ್ನ ಮಂಡಿ ಹೋಯಿತು, ಆಟ ನಿಂತಿತು, ಓದಿದೆ, ಇಲ್ಲಿಗೆ ಬಂದೆ. ನೀನು ಬೆಂಗಳೂರಿನಿಂದ ಮನೆಗೆ ಹೋದೆ. ನಾನು ಇನ್ನೂ ದೂರ ಹೋದೆ.

ಅವತ್ತು ಅನ್ನ ಇಳಿಸಿ, ಹತ್ತು ನಿಮಿಷ ಬಿಟ್ಟು, ಆ ಹುಡುಗನ ಅಮ್ಮನಿಗೆ ವಾಪಸ್ ಫೋನ್ ಮಾಡಿದೆ. ‘ಇಲ್ಲ, ಅವನು ಊಟ ಬಿಟ್ಟಿದ್ದಾನೆ, ನೀವು ಒಮ್ಮೆ ಬನ್ನಿ’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಥ್ಯಾಂಕ್ಯೂ’ ಅಂದರು, ತುಂಬಾ ಮೆಲ್ಲಗೆ. ಮೂರನೇ ದಿನ ಬಂದರು. ಮೊನ್ನೆ ಶನಿವಾರ ತಾಯಿ ಮಗ ಇಬ್ಬರೂ ಹೊರಟರು. ಆಟ ಬಿಟ್ಟನಂತೆ. ಚಿಕ್ಕಪ್ಪನ ಜೊತೆ ಮರಗೆಲಸ ಕಲಿಯುತ್ತಾನಂತೆ. ಕಾರಿಗೆ ಸಾಮಾನು ತುಂಬುವಾಗ ಅವನು ಒಂದು ದೊಡ್ಡ ಬ್ರೆಡ್ ರೋಲ್ ತಿನ್ನುತ್ತಿದ್ದ. ಎರಡೂ ಕೆನ್ನೆ ಉಬ್ಬಿತ್ತು. ಕೈ ಎತ್ತಿ ಟಾಟಾ ಮಾಡಿದ, ಮಾತಾಡಲು ಬಾಯಲ್ಲಿ ಜಾಗ ಇರಲಿಲ್ಲ.

ಸರಿ, ಸಾಕು. ಜಾಸ್ತಿಯಾಯಿತು. ನಿಮ್ಮೂರಿನ ಹೊನಲು ಬೆಳಕಿನ ಪಂದ್ಯದ ವಿಡಿಯೊ ನೋಡಿದೆ. ಎಡ ಕಾರ್ನರ್‌ನಲ್ಲಿ ಈಗಲೂ ನೀನೇ, ಮಣ್ಣಿನ ಅಂಕಣದಲ್ಲಿ, ಮೊದಲಿಗಿಂತ ದಪ್ಪಗೆ. ಆ ಕೆಂಪು ಬನಿಯನ್ ರೈಡರ್‌ನ ಕಾಲು ಹಿಡಿದದ್ದನ್ನು ಹಿಂದೆ ಮುಂದೆ ಓಡಿಸಿ ಆರು ಸಲ ನೋಡಿದೆ. ಬಹುಮಾನದ ಟಗರು ಯಾರ ಮನೆಗೆ ಹೋಯಿತು? ನನ್ನ ಪಾಲು ಎಲ್ಲಿ?

ಅವ್ವನಿಗೆ ಈ ಪತ್ರ ಓದಿ ಹೇಳಬೇಡ. ನಾನೇ ಹೇಳುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ನೀವು ಹಾಲು ಕರೆದು ಒಳಗೆ ಬರುವ ಹೊತ್ತಿಗೆ. ಫೋನ್ ಅವರ ಕೈಗೇ ಕೊಡು.



ನಿನ್ನ,
ಪಕ್ಕದ ಮಂಚದವನು