ಮನೆ ನೋಡೋದಕ್ಕಿಂತ ಗುಡ್ಡ ನೋಡಿದ್ದೇ ಜಾಸ್ತಿ

ಅಪ್ಪಾಜಿ, ಅಮ್ಮ, ಇಬ್ರಿಗೂ ನಮಸ್ಕಾರ.

ಮೊನ್ನೆ ಫೋನಲ್ಲಿ ಅಪ್ಪಾಜಿ ಕೇಳಿದ್ರಲ್ಲ, ಒಂದು ಮನೆ ತಗೊಳ್ಳೋಕೆ ಮೂರು ರಾಜ್ಯ ಸುತ್ತಬೇಕಾ, ಅದೂ ನಾಯಿ ಕಟ್ಕೊಂಡು, ಅಂತ. ಅಷ್ಟರಲ್ಲಿ ಶಾಂತಳ್ಳಿ ನೆಟ್‌ವರ್ಕ್ ಕೈ ಕೊಡ್ತು, ಉತ್ತರ ಹಾಗೇ ಉಳೀತು. ಇವತ್ತು ಮೋಟೆಲ್ ರೂಮಲ್ಲಿ ಕೂತು ಬರೀತಿದೀನಿ, ತಮ್ಮನ ಫೋನಿಗೆ ಕಳಿಸ್ತೀನಿ, ಅವನು ಓದಿ ಹೇಳ್ತಾನೆ, ಮಧ್ಯ ಮಧ್ಯ ಅವನು ಜೋಕು ಸೇರಿಸಿದ್ರೆ ಅದು ನಾನು ಬರೆದಿದ್ದಲ್ಲ.

ಸ್ಯಾನ್ ಹೋಸೆ ಬಿಡೋದಂತೂ ಗ್ಯಾರಂಟಿ. ಅಲ್ಲಿ ಒಂದು ಸಣ್ಣ ಮನೆ ರೇಟು ಹೇಳಿದ್ರೆ ಅಮ್ಮ ಊಟ ಬಿಡ್ತಾಳೆ, ಹೇಳಲ್ಲ. ಇಬ್ರಿಗೂ ಮನೆಯಿಂದಾನೇ ಕೆಲಸ, ಎಲ್ಲಿದ್ರೂ ನಡೆಯುತ್ತೆ, ಹಾಗಾಗಿ ಕ್ಯಾಲಿಫೋರ್ನಿಯಾದಿಂದ ಮೇಲಕ್ಕೆ ಆರೆಗಾನ್, ವಾಷಿಂಗ್ಟನ್ ತನಕ ನೋಡ್ಕೊಂಡು ಹೋಗೋಣ ಅಂತ ಹೊರಟ್ವಿ. ನಮ್ಮ ನಾಯಿ ಬೋಂಡನ್ನ ಕೆನೆಲ್‌ನಲ್ಲಿ ಬಿಟ್ಟು ಬರೋದು ನಿಮ್ಮಳಿಯನಿಗೆ ಆಗಲಿಲ್ಲ, ನನಗೂ ಆಗಲಿಲ್ಲ ಅನ್ನಿ.

ಮೊದಲು ಹೋಗಿದ್ದು ಪ್ಯಾರಡೈಸ್ ಅನ್ನೋ ಊರಿಗೆ. ಜಾಗ ರೇಟು ಕಮ್ಮಿ ಅಂತ ಯಾರೋ ಹೇಳಿದ್ರು. ಕಮ್ಮಿ ಇರೋಕೆ ಕಾರಣ ಇದೆ. 2018ರ ನವೆಂಬರಲ್ಲಿ ಕರೆಂಟ್ ಲೈನಿಂದ ಹತ್ತಿದ ಕಾಡ್ಗಿಚ್ಚಿಗೆ ಹೆಚ್ಚುಕಮ್ಮಿ ಇಡೀ ಊರೇ ಸುಟ್ಟೋಗಿತ್ತು, 85 ಜನ ಸತ್ರು. ಅದೇ ವರ್ಷ ಆಗಸ್ಟಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಎಲ್ಲ ಜಾರಿದ್ದು. ಅಲ್ಲಿ ನೀರು, ಇಲ್ಲಿ ಬೆಂಕಿ, ಆದ್ರೆ ಕಥೆ ಕೇಳ್ತಾ ಹೋದ್ರೆ ಎಷ್ಟೋ ಕಡೆ ಒಂದೇ. ಆ ಊರು ಇರೋದು ಎರಡು ಕಣಿವೆ ನಡುವಿನ ಏಣಿನ ಮೇಲೆ, ಕೆಳಗಿಳಿಯೋ ರಸ್ತೆ ಬೆರಳೆಣಿಕೆ, ಎಲ್ರೂ ಒಟ್ಟಿಗೆ ಕಾರು ತೆಗೆದ್ರೆ ಯಾರೂ ಮುಂದಕ್ಕೆ ಹೋಗೋಕಾಗಲ್ಲ. ಸಂಪಾಜೆ ರಸ್ತೆ ಕೊಚ್ಚಿ ಹೋಗಿ ತಿಂಗಳುಗಟ್ಟಲೆ ಬಂದ್ ಆಗಿತ್ತಲ್ಲ, ಅದೇ ನೆನಪಾಯ್ತು. ಈಗ ಹೊಸ ಮನೆಗಳು ಎದ್ದಿವೆ, ಜನ ಒಳ್ಳೆಯವರೇ, ಆದ್ರೆ ಮನೆಗೆ ಇನ್ಶೂರೆನ್ಸ್ ಸಿಗೋದೇ ದೊಡ್ಡ ತಲೆನೋವಂತೆ, ಇನ್ಶೂರೆನ್ಸ್ ಇಲ್ದೆ ಬ್ಯಾಂಕ್ ಲೋನ್ ಕೊಡಲ್ಲ. ಆರೆಗಾನ್ ಒಳಗೆ ಬಂದ್ಮೇಲೆ ಟ್ಯಾಲೆಂಟ್, ಫೀನಿಕ್ಸ್ ಅಂತ ಅಕ್ಕಪಕ್ಕದ ಎರಡು ಊರು ಸಿಗುತ್ತೆ, ಅಲ್ಲೂ 2020ರ ಸೆಪ್ಟೆಂಬರಲ್ಲಿ 2,500ಕ್ಕೂ ಹೆಚ್ಚು ಮನೆ ಹೋಗಿತ್ತು, ಅದು ಕಾಡೂ ಅಲ್ಲ, ಹೈವೇ ಪಕ್ಕದ ಊರು. ನಾವು ಅಲ್ಲಿ ಕಾಫಿ ಕುಡಿದು ಮುಂದೆ ಹೋದ್ವಿ.

ನಾಯಿ ಜೊತೆ ಓಡಾಡೋದು ಬೇರೇನೇ ಲೆಕ್ಕ. ಊರಲ್ಲಿ ಜಿಮ್ಮಿ ಜೀಪ್ ಹಿಂದೆ ಹತ್ತಿ ಸೋಮವಾರಪೇಟೆ ಸಂತೆಗೆ ಬರ್ತಿತ್ತು, ಯಾರಾದ್ರೂ ಕೇಳ್ತಿದ್ರಾ? ಇಲ್ಲಿ ನ್ಯಾಷನಲ್ ಪಾರ್ಕ್ ಅಂದ್ರೆ ನಾಯಿಗೆ ಪಾರ್ಕಿಂಗ್, ಕ್ಯಾಂಪಿಂಗ್ ಜಾಗ, ರಸ್ತೆ ಅಷ್ಟೇ, ಕಾಡಿನ ದಾರಿ ಹೆಚ್ಚು ಕಡೆ ನಿಷೇಧ, ಚೈನು ಆರಡಿಗಿಂತ ಉದ್ದ ಇರಂಗಿಲ್ಲ. ಪಕ್ಕದಲ್ಲೇ ನ್ಯಾಷನಲ್ ಫಾರೆಸ್ಟ್ ಅಂತ ಇನ್ನೊಂದು ಇರುತ್ತೆ, ಅದೇ ಮರ ಅದೇ ಗುಡ್ಡ, ಅಲ್ಲಿ ಆರಾಮಾಗಿ ಕರ್ಕೊಂಡು ಹೋಗ್ಬಹುದು. ಮೋಟೆಲ್‌ನವರು ನಾಯಿಗೆ ಅಂತ ರಾತ್ರಿಗೆ ಇಷ್ಟು ಅಂತ ಎಕ್ಸ್ಟ್ರಾ ಹಾಕ್ತಾರೆ. ಕಾರಲ್ಲಿ ಬಿಟ್ಟು ಮನೆ ನೋಡೋಕೆ ಹೋಗೋ ಹಾಗೂ ಇಲ್ಲ, ಹೊರಗೆ 21 ಡಿಗ್ರಿ ಅಂತ ತಂಪಾಗಿದ್ರೂ ಮುಚ್ಚಿದ ಕಾರೊಳಗೆ ಅರ್ಧ ಗಂಟೇಲಿ 40 ಆಗುತ್ತೆ. ಹಾಗಾಗಿ ಒಂದೊಂದು ಮನೇನೂ ಸರದಿ ಪ್ರಕಾರ ನೋಡೋದು, ನಾನು ಒಳಗೆ ಹೋದಾಗ ಅವರು ಬೋಂಡನ್ನ ಹಿಡ್ಕೊಂಡು ಬೀದಿ ಸುತ್ತೋದು, ಆಮೇಲೆ ಅವರು ಒಳಗೆ ನಾನು ಹೊರಗೆ. ಇದರಿಂದ ಒಂದು ಲಾಭ ಆಯ್ತು, ಏಜೆಂಟ್ ಹೇಳದ ವಿಷಯ ಎಲ್ಲ ಬೀದೀಲಿ ನಾಯಿ ಮುದ್ದಾಡೋಕೆ ಬಂದವರೇ ಹೇಳಿದ್ರು, ಯಾವ ಬಾವಿ ಆಗಸ್ಟಲ್ಲಿ ಬತ್ತುತ್ತೆ, ಯಾವ ಮನೆ ಬೇಸ್‌ಮೆಂಟಿಗೆ ನೀರು ಬರುತ್ತೆ ಎಲ್ಲ. ಒಬ್ರು ವಯಸ್ಸಾದ ಹೆಂಗಸು ಹೊಳೆ ದಡದಲ್ಲಿ ಓಡಿ ಬಂದು ಬೋಂಡನ ಚೈನು ಎಳೆದ್ರು. ಇಲ್ಲಿನ ಹೊಳೆಗಳಲ್ಲಿ ಸಾಲ್ಮನ್ ಮೀನು ಮೊಟ್ಟೆ ಇಟ್ಟು ಸತ್ತು ದಡಕ್ಕೆ ಬಿದ್ದಿರುತ್ತೆ, ಆ ಹಸಿ ಮೀನಲ್ಲಿರೋ ಒಂದು ಹುಳದಿಂದ ನಾಯಿಗೆ ಜ್ವರ ಬರುತ್ತಂತೆ, ಔಷಧಿ ಮಾಡದಿದ್ರೆ ಉಳಿಯಲ್ಲ, ಬೇಯಿಸಿ ಹಾಕಿದ್ರೆ ಏನೂ ಆಗಲ್ಲ. ಹೆಚ್ಚಾಗಿ ಈ ಕಡೆನೇ ಇರೋ ಕಾಯಿಲೆ, ನಮಗೆ ಗೊತ್ತೇ ಇರಲಿಲ್ಲ.

ಸಮುದ್ರದ ಕಡೆ ಬೋಂಡನಿಗೆ ಸ್ವರ್ಗ. ಆರೆಗಾನಲ್ಲಿ 1967ರಲ್ಲಿ ಕಾನೂನು ಮಾಡಿ ಬೀಚೆಲ್ಲ ಸಾರ್ವಜನಿಕರಿಗೆ ಅಂತ ಬಿಟ್ಟಿದಾರೆ, ರೆಸಾರ್ಟ್‌ನವರು ಬೇಲಿ ಹಾಕೋ ಹಾಗಿಲ್ಲ. ನಮ್ಮ ಕಡೆ ಇಂಥ ಬುದ್ಧಿ ಯಾರಿಗಾದ್ರೂ ಬಂದಿದ್ರೆ ಅಂತ ಅನ್ನಿಸ್ತು. ಆದ್ರೆ ಮನೆಗೆ ಬೇಡ, ರಸ್ತೆಯುದ್ದಕ್ಕೂ ಸುನಾಮಿ ಬಂದ್ರೆ ಈ ಕಡೆ ಓಡಿ ಅಂತ ನೀಲಿ ಬೋರ್ಡು. 1700ರ ಜನವರೀಲಿ ದೊಡ್ಡ ಭೂಕಂಪ ಆಗಿ ಅದರ ಅಲೆ ಜಪಾನ್ ತನಕ ಹೋಗಿತ್ತು, ಮತ್ತೆ ಆಗೋದು ಖಂಡಿತ ಅಂತಾರೆ, ಯಾವಾಗ ಅಂತ ಮಾತ್ರ ಹೇಳೋಕಾಗಲ್ಲ.

ಅಪ್ಪಾಜಿ, ನಿಮ್ಮ ಮಳೆ ಪುಸ್ತಕಕ್ಕೆ ಒಂದು ಲೆಕ್ಕ. ವಾಷಿಂಗ್ಟನ್‌ನಲ್ಲಿ ಹೋ ಅಂತ ಒಂದು ಕಾಡಿದೆ, ವರ್ಷಕ್ಕೆ ಸುಮಾರು 140 ಇಂಚು ಮಳೆ. ಮರದ ಕೊಂಬೆಗೆಲ್ಲ ಪಾಚಿ ಜೋತು ಬಿದ್ದಿತ್ತು, ಪುಷ್ಪಗಿರಿ ಹತ್ತೋ ದಾರಿ ನೆನಪಾಗಿ ನನಗೆ ಕಾಲೇ ಬರಲಿಲ್ಲ. ಆದ್ರೆ ಈ ಕಡೆಯೆಲ್ಲ ಮಳೆ ಸುರಿಯೋದು ಹೆಚ್ಚಾಗಿ ಚಳಿಗಾಲದಲ್ಲಿ, ಬೇಸಿಗೇಲಿ ತುಂಬಾ ಕಮ್ಮಿ. ಕಾಫಿ ಹೂ ಅರಳಿಸೋ ನಮ್ಮ ಹೂಮಳೆ ಅನ್ನೋ ಮಾತೇ ಇಲ್ಲ. ಜೂನಿಂದ ಸೆಪ್ಟೆಂಬರ್ ತನಕ ಕಾಡು ಒಣಗಿ ನಿಂತಿರುತ್ತೆ, ಬೆಂಕಿ ಹತ್ತೋದು ಆವಾಗ್ಲೇ.

ಕೊನೆಗೆ ಮನಸ್ಸಿಗೆ ಹಿಡಿಸಿದ್ದು ಆರೆಗಾನ್ ಪಶ್ಚಿಮದ ವಿಲಾಮೆಟ್ ಕಣಿವೆಯ ಕಾರ್ವಾಲಿಸ್ ಕಡೆ. ಮಳೆ 40 ಇಂಚಿನ ಆಸುಪಾಸು, ಯೂನಿವರ್ಸಿಟಿ ಊರು, ಸುತ್ತ ಹೇಜಲ್‌ನಟ್ ತೋಟ. ಅಮೆರಿಕದ ಹೇಜಲ್‌ನಟ್ ಹೆಚ್ಚುಕಮ್ಮಿ ಪೂರ್ತಿ ಈ ಕಣಿವೇಲೇ ಬೆಳೆಯೋದು. ಮರದ ಕೆಳಗೆ ಒಂದು ಕಳೆ ಇಲ್ಲ, ನೆಲ ನಮ್ಮ ಕಾಫಿ ಕಣದ ಹಾಗೆ ಸಪಾಟು, ಕಾಯಿ ತಾನಾಗೇ ಉದುರುತ್ತೆ, ಮೆಷಿನ್ ಬಂದು ಗುಡಿಸ್ಕೊಂಡು ಹೋಗುತ್ತೆ. ಕೊಯ್ಯೋಕೆ ಆಳಿಲ್ಲ ಅನ್ನೋ ಮಾತಿಲ್ಲ ಅಂತ ತಮ್ಮ ಹೊಟ್ಟೆ ಉರ್ಕೊಳ್ಳೋದು ಬೇಡ, ಇವರಿಗೂ ನಮ್ಮ ಕಾಫಿ ಕಾಂಡ ಕೊರೆಯೋ ಬೋರರ್ ಹುಳದ ಥರ ಒಂದು ಪಿಡುಗು ಬಂದು ಎಷ್ಟೋ ಹಳೇ ತೋಟ ಒಣಗಿತ್ತು, ಯೂನಿವರ್ಸಿಟಿಯವರು ರೋಗ ತಡ್ಕೊಳ್ಳೋ ತಳಿ ಕೊಟ್ಟ ಮೇಲೆ ಮತ್ತೆ ನೆಟ್ಟಿದಾರೆ.

ಅಲ್ಲೇ ಪಕ್ಕ ಫಿಲೋಮತ್ ಅನ್ನೋ ಊರಲ್ಲಿ ಒಂದು ಜಾಗ ನೋಡಿದ್ವಿ. ಗುಡ್ಡದ ಮೇಲೆ ಮನೆ, ಎದುರಿಗೆ ಮೇರೀಸ್ ಪೀಕ್, ನಿಮ್ಮಳಿಯ ಬಾಗಿಲಲ್ಲೇ ನಿಂತು ತಗೊಂಡುಬಿಡೋಣ ಅಂದ್ರು. ನಾನು ಬೋಂಡನ್ನ ಹಿಡ್ಕೊಂಡು ಮನೆ ಹಿಂದೆ ಹೋದೆ. ಅಲ್ಲಿನ ಫರ್ ಮರಗಳು ಮೇಲೆ ನೆಟ್ಟಗಿವೆ, ಬುಡ ಮಾತ್ರ ಇಳಿಜಾರಿನ ಕಡೆಗೆ ಸೊಟ್ಟ, ಒಂದಲ್ಲ ಸಾಲಿಗೆ ಸಾಲೇ. ಅಂದ್ರೆ ಮಣ್ಣು ನಿಧಾನಕ್ಕೆ ಜಾರ್ತಿದೆ, ಮರ ನೆಟ್ಟಗಾಗ್ತಾ ಬಂದಿದೆ. ಜೀಪ್ ದಾರಿಗೆ ಅಂತ ಬರೆ, ಅಂದ್ರೆ ಗುಡ್ಡದ ಮಣ್ಣಿನ ದಿಣ್ಣೆ, ನೆಟ್ಟಗೆ ಕಡಿದಿದಾರೆ, ಅದರ ಬುಡದಲ್ಲಿ, ಮಳೆ ಇಲ್ಲದ ಈ ತಿಂಗಳಲ್ಲೂ, ಒದ್ದೆ, ಬೋಂಡ ಅದನ್ನ ನೆಕ್ತಿತ್ತು. 2018ರ ಆಮೇಲೆ ನೀವು ನಮ್ಮ ಮೇಲಿನ ತೋಟದ ಬರೆ ತೋರಿಸಿ, ಒರತೆ ಬಂದ ಕಡೆ ಜೆಸಿಬಿ ತರಬಾರದು ಅಂತ ಹೇಳಿದ್ರಲ್ಲ. ಇಲ್ಲಿ ಭೂಕುಸಿತದ ಮ್ಯಾಪು ಸರ್ಕಾರದವರೇ ನೆಟ್ಟಲ್ಲಿ ಹಾಕಿದಾರೆ, ರಾತ್ರಿ ರೂಮಲ್ಲಿ ತೆಗೆದು ನೋಡಿದ್ರೆ ಆ ಗುಡ್ಡ ಪೂರ್ತಿ ಹಳೇ ಜಾರಿಕೆ ಅಂತ ಬಣ್ಣ ಹಚ್ಚಿದೆ. ನಿಮ್ಮಳಿಯ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಬೋಂಡನಿಗೆ ಬಿಸ್ಕೆಟ್ ಕೊಟ್ರು.

ಈಗ ನೋಡ್ತಿರೋದು ಕೆಳಗಿನ ಸಪಾಟು ಜಾಗ, ನೋಟ ಏನೂ ಇಲ್ಲ, ಎದುರಿಗೆ ಹುಲ್ಲಿನ ಹೊಲ. ಬಾವಿ ಇದೆ, ಆದ್ರೆ ನಮ್ಮ ಜಾಗದ ಬಾವಿ ಆದ್ರೂ ನೀರು ಪೂರ್ತಿ ನಮ್ಮದಲ್ಲ, ಮನೆಗೆ ಮತ್ತೆ ಅರ್ಧ ಎಕರೆ ಕೈತೋಟಕ್ಕೆ ಬಳಸ್ಬಹುದು, ಅದಕ್ಕಿಂತ ಜಾಸ್ತಿ ಬೆಳೆದು ಮಾರ್ತೀನಿ ಅಂದ್ರೆ ಪರ್ಮಿಟ್ ಬೇಕು. ತೋಡಿಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಬಿಡೋ ನಮ್ಮೋರು ಕೇಳಿದ್ರೆ ನಗ್ತಾರೆ. ಆನೆ ಇಲ್ಲ, ಜಿಂಕೆ ಕಾಟ ಇದೆ, ಎಂಟಡಿ ಬೇಲಿ ಬೇಕಂತೆ.

ಅಮ್ಮ, ವಾಪಸ್ ಯಾವಾಗ ಬರ್ತೀರ ಅಂತ ಪ್ರತಿ ಸಲ ಕೇಳ್ತೀಯ, ನಾನು ಮಾತು ತಿರುಗಿಸ್ತೀನಿ. ಸದ್ಯಕ್ಕೆ ಬರಲ್ಲಮ್ಮ. ತೋಟ ತಮ್ಮ ನೋಡ್ಕೊಳ್ತಿದಾನೆ, ಚೆನ್ನಾಗೇ ನೋಡ್ಕೊಳ್ತಿದಾನೆ, ನಾನು ಬಂದು ಮಧ್ಯ ಕೈ ಹಾಕೋದು ಸರಿ ಇರಲ್ಲ. ನೀವೇ ಒಂದು ಮಳೆಗಾಲ ಬಿಟ್ಟು ಇಲ್ಲಿಗೆ ಬನ್ನಿ, ಆ ಮೂರು ತಿಂಗಳು ಇಲ್ಲಿ ಬಟ್ಟೆ ಒಣಗುತ್ತೆ.

ಅಪ್ಪಾಜಿ, ಟಾಯ್ಲೆಟ್ ಗುಂಡಿಗೆ ಒಪ್ಪಿಗೆ ಕೊಡೋ ಮೊದಲು ಕೌಂಟಿಯವರು ಗುಂಡಿ ತೋಡಿಸಿ ಮಣ್ಣು ನೋಡ್ತಾರೆ. ನಿನ್ನೆ ತೋಡಿದ್ರು, ಮೇಲೆ ಕಂದು, ಮೂರಡಿ ಕೆಳಗೆ ಬೂದು ಮಚ್ಚೆ, ಚಳಿಗಾಲದಲ್ಲಿ ಅಲ್ಲಿ ತನಕ ನೀರು ನಿಲ್ಲುತ್ತೆ ಅಂತ ಅರ್ಥವಂತೆ. ತಮ್ಮನ ಫೋನಿಗೆ ವಿಡಿಯೋ ಹಾಕಿದೀನಿ, ಗದ್ದೆ ಮಣ್ಣು ನೋಡಿದ ಕಣ್ಣಲ್ಲಿ ನೋಡಿ ಮನೆ ಕಟ್ಟೋಕಾಗುತ್ತಾ ಹೇಳಿ. ಭಾನುವಾರದೊಳಗೆ ಹೇಳಿದ್ರೆ ಒಳ್ಳೇದು, ಏಜೆಂಟ್ ದಿನಾ ಫೋನ್ ಮಾಡ್ತಿದಾರೆ.

ನಿಮ್ಮ ಮಗಳು