ಕಾರುಗಳ ನಡುವೆ ಲಾರಿ ಬಂದರೆ ರೇಡಿಯೋ ಸಿಗ್ನಲ್ ಏನಾಗುತ್ತದೆ?

ಮಾನ್ಯ ಸಂಪಾದಕರೇ,

ಕಾರುಗಳು ರೇಡಿಯೋದಲ್ಲಿ ಒಂದಕ್ಕೊಂದು ಸುದ್ದಿ ಕೊಟ್ಟುಕೊಂಡು ಅಪಘಾತ ತಪ್ಪಿಸುತ್ತವೆ ಅನ್ನುವ ಬರಹಗಳು ಈಗೀಗ ಜಾಸ್ತಿ ಬರುತ್ತಿವೆ. ಸಂತೋಷ. ಆದರೆ ಜೊತೆಗಿನ ಚಿತ್ರ ನೋಡಿದರೆ ಬೇಜಾರಾಗುತ್ತದೆ. ಕಾರಿನ ಸುತ್ತ ಒಂದು ವೃತ್ತ, ಒಳಗಿದ್ದವರಿಗೆಲ್ಲ ಸಂದೇಶ ಸಿಗುತ್ತದೆ, ಹೊರಗಿದ್ದವರಿಗೆ ಇಲ್ಲ. ನಾನು ಇದರ ಸಿಮ್ಯುಲೇಶನ್ ಮಾಡುವವನು, ಅಂದರೆ ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡುವವನು. ಸಿಗ್ನಲ್ ಹಾಗೆ ನಡೆದುಕೊಳ್ಳುವುದೇ ಇಲ್ಲ.

ಈ ಸಂಪರ್ಕ ನಡೆಯುವುದು 5.9 ಗಿಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಎರಡೂ ಕಾರಿನ ಆಂಟೆನಾ ನೆಲದಿಂದ ಒಂದೂವರೆ ಮೀಟರ್ ಮೇಲಿದೆ ಅಂದುಕೊಳ್ಳಿ. ಒಂದು ಅಲೆ ನೇರವಾಗಿ ಬರುತ್ತದೆ, ಇನ್ನೊಂದು ರಸ್ತೆಗೆ ಬಡಿದು, ತಲೆಕೆಳಗಾಗಿ, ಅಂದರೆ ಉಬ್ಬು ತಗ್ಗಾಗಿ, ಬರುತ್ತದೆ. ಕಾರುಗಳ ನಡುವೆ 90 ಮೀಟರ್ ಹತ್ತಿರ ಇದ್ದಾಗ ಎರಡನೆಯದು ಸುಮಾರು 5 ಸೆಂಟಿಮೀಟರ್, ಅಂದರೆ ಒಂದು ಅಲೆಯಷ್ಟೇ, ಜಾಸ್ತಿ ದೂರ ನಡೆದಿರುತ್ತದೆ. ಆಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂತು ಒಂದನ್ನೊಂದು ಅಳಿಸಿಹಾಕುತ್ತವೆ, ಸಿಗ್ನಲ್ ಕುಸಿಯುತ್ತದೆ. ಇನ್ನೂ 50 ಮೀಟರ್ ದೂರ ಹೋಗಿ, ಮತ್ತೆ ಚೆನ್ನಾಗಿ ಸಿಗುತ್ತದೆ! ದೂರ ಹೆಚ್ಚಿದಂತೆ ಸಿಗ್ನಲ್ ಸುಮ್ನೆ ಇಳಿಯುತ್ತಾ ಹೋಗುತ್ತದೆ ಅನ್ನುವ ಸರಳ ಮಾಡೆಲ್‌ಗೆ (ಲೆಕ್ಕದ ಮಾದರಿಗೆ) ಈ ಗುಂಡಿ ಕಾಣಿಸುವುದೇ ಇಲ್ಲ.

ಇದು ಖಾಲಿ ರಸ್ತೆಯ ಕಥೆ. ನನಗೆ ನಿಜವಾಗಿ ಚಿಂತೆ ಇರುವುದು ಲಾರಿಯದ್ದು. ಮೊಬೈಲ್ ಟವರ್ ಎತ್ತರದಲ್ಲಿರುತ್ತದೆ, ಇಲ್ಲಿ ಎರಡೂ ಆಂಟೆನಾ ಕೆಳಗೇ ಇವೆ. ನಡುವೆ ಒಂದು ಲಾರಿ ಬಂದರೆ ಸಿಗ್ನಲ್‌ನ ಬಲ ಹತ್ತರಲ್ಲೊಂದು ಪಾಲಿಗೆ, ಕೆಲವೊಮ್ಮೆ ಇನ್ನೂ ಕೆಳಗೆ ಬೀಳುತ್ತದೆ. ಲಾರಿ ಮುಂದಿನ ಕಾರು ಗಕ್ಕನೆ ಬ್ರೇಕ್ ಹಾಕಿದ್ದು ಹಿಂದಿನವನ ಕಣ್ಣಿಗೆ ಕಾಣುವುದಿಲ್ಲ. ಈ ತಂತ್ರಜ್ಞಾನ ಬೇಕಾಗಿರುವುದೇ ಅವನಿಗೆ ಅಲ್ವಾ? ನನ್ನ ಮೊದಲ ಸಿಮ್ಯುಲೇಶನ್‌ನಲ್ಲಿ ವಾಹನಗಳೆಲ್ಲ ಬರೀ ಚುಕ್ಕಿಗಳಾಗಿದ್ದವು, ಫಲಿತಾಂಶ ತುಂಬಾ ಚೆನ್ನಾಗಿ ಬಂತು. ಅವಕ್ಕೆ ಉದ್ದ, ಅಗಲ, ಎತ್ತರ ಕೊಟ್ಟ ಮೇಲೆ ತಲುಪದ ಸಂದೇಶಗಳು ಯಾವುವು ಅಂತ ನೋಡಿದರೆ, ಹೆಚ್ಚಿನವು ಲಾರಿ ಹಿಂದಿನ ಕಾರಿಗೆ ಹೋಗಬೇಕಾದವು.

ವೇಗದ ಪಾಡು ಬೇರೆ. ಎದುರುಬದುರಾಗಿ ತಲಾ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಎರಡು ಕಾರುಗಳ ನಡುವೆ ಡಾಪ್ಲರ್ ಪರಿಣಾಮದಿಂದ (ಚಲನೆಯಿಂದ ಅಲೆಯ ಆವರ್ತನ ಬದಲಾಗುವುದು) ಆವರ್ತನ ಸುಮಾರು 1,100 ಹರ್ಟ್ಸ್ ಸರಿಯುತ್ತದೆ. ಸುತ್ತಲಿನ ವಾಹನಗಳಿಗೆ ಬಡಿದು ಬರುವ ಅಲೆಗಳು ಬೇರೆ ಬೇರೆಯಾಗಿ ಸರಿಯುತ್ತವೆ. ಅಲೆ ಬಂದ ದಾರಿ ಹೇಗಿದೆ ಅಂತ ರಿಸೀವರ್ ಮುಖ್ಯವಾಗಿ ಸಂದೇಶದ ತಲೆಭಾಗ ನೋಡಿ ತಿಳಿಯುತ್ತದೆ, ಬಾಲ ಬರುವಷ್ಟರಲ್ಲಿ ದಾರಿಯೇ ಬದಲಾಗಿರಬಹುದು.

ಹಾಗಾಗಿ ಒಂದು ಕೋರಿಕೆ. ಇಂಥ ವ್ಯವಸ್ಥೆ ಇಷ್ಟು ನೂರು ಮೀಟರ್‌ವರೆಗೆ ಕೆಲಸ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ, ಅಚ್ಚು ಹಾಕುವ ಮೊದಲು ನಿಮ್ಮ ವರದಿಗಾರರು ಕೇಳಲಿ: ಯಾವ ಮಾಡೆಲ್ ಬಳಸಿದಿರಿ, ಆಂಟೆನಾ ಎಲ್ಲಿತ್ತು, ನಡುವೆ ಲಾರಿ ಇತ್ತಾ?

ಇಂತಿ,
ನಿಮ್ಮ ಓದುಗ, ಒಬ್ಬ ವೈರ್‌ಲೆಸ್ ಎಂಜಿನಿಯರ್